ಬೆಳೆಯುವ ಹುಡುಗ, ಬದಲಾಗುವ ಊರು

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳ ಮಕ್ಕಳಿಗೆ ‘ಜ್ವರ’ ಎಂಬ ಮಾತಿಗೆ ಎರಡು ಅರ್ಥಗಳಿರುವುದು ಚೆನ್ನಾಗಿ ಗೊತ್ತು. ಹಿಪ್ಪುನೇರಳೆ ಸೊಪ್ಪನ್ನು ಬಿಡುವಿಲ್ಲದೆ ಮೇಯುತ್ತಿದ್ದ ಹುಳು ಒಂದು ದಿನ ಇದ್ದಕ್ಕಿದ್ದಂತೆ ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಂತುಬಿಡುತ್ತದೆ. ಆಗ ಹಿರಿಯರು ‘ಹುಳು ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆ. ಒಂದು ಹಗಲು ರಾತ್ರಿ ಕಳೆಯುವ ಹೊತ್ತಿಗೆ ಹುಳು ಬಿಗಿಯಾದ ಹಳೆಯ ಪೊರೆಯನ್ನು ಕಳಚಿ ಹೊರಬರುತ್ತದೆ. ಹೀಗೆ ನಾಲ್ಕು ಜ್ವರಗಳನ್ನು ದಾಟಿದ ಹುಳು ಹಣ್ಣಾಗಿ ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ.

ಮನುಷ್ಯನ ಮಗು ಬೆಳೆಯುವ ರೀತಿ ಇಷ್ಟು ಕ್ರಮವಾದುದಲ್ಲ. ಅದರ ಪೊರೆ ಯಾವಾಗ ಬಿಗಿಯಾಗುತ್ತದೆ, ಯಾವಾಗ ಕಳಚುತ್ತದೆ ಎಂಬುದು ಮನೆಯವರಿಗೂ ತಿಳಿಯದು, ಆ ಮಗುವಿಗೂ ತಿಳಿಯದು. ಅಲ್ಲದೆ ಮಗು ಬೆಳೆಯುತ್ತಿರುವಾಗ ಅದರ ಊರು ಸುಮ್ಮನೆ ನಿಂತಿರುವುದಿಲ್ಲ. ಶಿಡ್ಲಘಟ್ಟವನ್ನೇ ನೋಡಬಹುದು. ಅಜ್ಜ ಕುದಿಯುವ ನೀರಿನ ಮುಂದೆ ಕುಳಿತು ಚರಕದಲ್ಲಿ ನೂಲು ಬಿಚ್ಚಿದ್ದ ಮನೆಯಲ್ಲಿ ತಂದೆ ಕಾಟೇಜ್ ಬೇಸಿನ್ ನಡೆಸಿದ. ಆಮೇಲೆ ಅದೇ ಊರಿಗೆ ಸ್ವಯಂಚಾಲಿತ ಯಂತ್ರಗಳೂ ಬಂದವು. ಕೂಗಿನ ಹರಾಜಿನಿಂದ ಮೊಳಗುತ್ತಿದ್ದ ಗೂಡಿನ ಮಾರುಕಟ್ಟೆಗೆ ವಿದ್ಯುನ್ಮಾನ ಹರಾಜು ಬಂದಿತು. ತಲೆಮಾರುಗಳಿಂದ ಕೋಲಾರ ಜಿಲ್ಲೆಯವರಾಗಿದ್ದ ಜನ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯವರಾದರು. ಇಂಥ ಊರಿನ ಹುಡುಗನೊಬ್ಬ ಓದಿಗೆಂದು ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಮರಳಿದಾಗ, ಬದಲಾಗಿರುವುದು ಊರೋ ತಾನೋ ಎಂದು ಅವನಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ.

ಈ ಗೊಂದಲವನ್ನೇ ವಸ್ತುವಾಗಿಸಿಕೊಂಡ ಕಾದಂಬರಿಗಳ ಪರಂಪರೆಯೊಂದು ಜಗತ್ತಿನ ಸಾಹಿತ್ಯದಲ್ಲಿದೆ. ಜರ್ಮನಿಯಲ್ಲಿ ಗಯಟೆ ಮಹಾಕವಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಲ್ಹೆಲ್ಮ್ ಮೈಸ್ಟರ್ ಎಂಬ ತರುಣನ ಬೆಳವಣಿಗೆಯ ಕಥೆಯನ್ನು ಬರೆದನು. ಇಂಗ್ಲೆಂಡಿನಲ್ಲಿ ಡಿಕನ್ಸನು ಡೇವಿಡ್ ಕಾಪರ್‌ಫೀಲ್ಡ್ ಎಂಬ ಅನಾಥ ಬಾಲಕನ ಕಥೆಯನ್ನು ಹೇಳಿದನು. ಕನ್ನಡದಲ್ಲಿ ಬೆಳೆಯುವ ಹುಡುಗನನ್ನೂ ಬದಲಾಗುವ ಊರನ್ನೂ ಒಂದೇ ಹಂದರದಲ್ಲಿ ಹಬ್ಬಿಸಿದ ದೊಡ್ಡ ಕೃತಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1940ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಕಾದಂಬರಿಯು ಒಂದು ಮನೆತನದ ಮೂರು ತಲೆಮಾರುಗಳ ಕಥೆ.

ಕಥೆ ನಡೆಯುವ ಸ್ಥಳ ದಕ್ಷಿಣ ಕನ್ನಡದ ಕಡಲ ತೀರದ ಕೋಡಿ ಎಂಬ ಹಳ್ಳಿ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹೊಳೆ. ನಡುವೆ ಮರಳುಮಿಶ್ರಿತ ನೆಲದ ಕಿರಿದಾದ ಪಟ್ಟಿ. ಮಳೆಗಾಲದಲ್ಲಿ ಹೊರಗಿನ ಊರುಗಳೊಡನೆ ಸಂಪರ್ಕವೇ ಕಷ್ಟ. ಬಯಲುಸೀಮೆಯಲ್ಲಿ ಮುಗಿಲು ನೋಡಿ ನಿಟ್ಟುಸಿರು ಬಿಡುವವರಿಗೆ ನೀರು ಹೆಚ್ಚಾಗಿ ಕಷ್ಟಪಡುವ ಈ ಊರು ವಿಚಿತ್ರವಾಗಿ ತೋರಬಹುದು. ಆದರೆ ಗೇಣು ನೆಲದಿಂದ ಹಿಡಿ ಅನ್ನವನ್ನು ಹೊರಡಿಸುವ ಪಾಡು ಎರಡು ಕಡೆಗೂ ಒಂದೇ.

ಈ ಹಳ್ಳಿಯಲ್ಲಿ ರಾಮ ಐತಾಳರು ಪೌರೋಹಿತ್ಯವನ್ನೂ ಬೇಸಾಯವನ್ನೂ ನೆಚ್ಚಿ ಬಾಳುತ್ತಾರೆ. ಹೆಂಡತಿ ಪಾರೋತಿ; ಎಳೆಯ ಪ್ರಾಯದಲ್ಲಿಯೇ ವಿಧವೆಯಾಗಿ ಅಣ್ಣನ ಮನೆ ಸೇರಿದ ತಂಗಿ ಸರಸೋತಿ. ಐತಾಳರು ದಕ್ಷಿಣೆಗಾಗಿ ಊರೂರು ತಿರುಗುತ್ತಿದ್ದರೆ ಮನೆಯನ್ನೂ ಗದ್ದೆಯನ್ನೂ ನಿಲ್ಲಿಸಿದವರು ಈ ಇಬ್ಬರು ಹೆಂಗಸರು. ಗದ್ದೆಯ ಕೆಸರಿನಲ್ಲಿ ಅವರ ದುಡಿಮೆ; ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿದು ವರ್ಷದ ಸೌದೆ ಕೂಡಿಡುವ ಸಾಹಸ ಅವರದು. ಕಾರಂತರು ಈ ಕೆಲಸಗಳನ್ನು ಅವಸರವಿಲ್ಲದೆ, ಒಂದೊಂದಾಗಿ ವರ್ಣಿಸುತ್ತಾರೆ. ಕಥೆ ಮುಂದೆ ಸಾಗಲಿ ಎಂದು ಚಡಪಡಿಸುವ ಓದುಗನು ಈ ಪುಟಗಳನ್ನು ಹಾರಿಸಲು ಯತ್ನಿಸಬಹುದು. ಹಾರಿಸಿದವನಿಗೆ ಕಾದಂಬರಿಯ ಉತ್ತರಾರ್ಧ ಅರ್ಥವಾಗುವುದಿಲ್ಲ. ಏಕೆಂದರೆ ಮುಂದೆ ಬರುವ ಇಬ್ಬರು ಹುಡುಗರನ್ನು ಅಳೆಯುವ ಅಳತೆಗೋಲು ಇಲ್ಲಿಯೇ ಸಿದ್ಧವಾಗುತ್ತದೆ.

ಪಾರೋತಿಗೆ ಮಕ್ಕಳಾಗಲಿಲ್ಲ. ಐತಾಳರು ಸತ್ಯಭಾಮೆಯನ್ನು ಎರಡನೆಯ ಹೆಂಡತಿಯಾಗಿ ಮನೆಗೆ ತಂದರು. ಅಂದಿನ ಕಾಲಕ್ಕೆ ಅದು ಅಪರೂಪದ ಸಂಗತಿಯಲ್ಲ. ಆದರೂ ಬಾಯಿ ಬಿಟ್ಟು ದೂರದೆ ದುಡಿಮೆಯನ್ನು ಮುಂದುವರಿಸಿದ ಪಾರೋತಿಯ ಮೌನವು ಓದುಗನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಸತ್ಯಭಾಮೆಗೆ ಗಂಡುಮಗು ಹುಟ್ಟಿತು. ಅವನ ಹೆಸರು ಲಕ್ಷ್ಮೀನಾರಾಯಣ. ಎಲ್ಲರ ಬಾಯಲ್ಲಿ ಲಚ್ಚ.

ಈ ಹೊತ್ತಿಗೆ ಊರಿನ ಗಾಳಿ ಬದಲಾಗತೊಡಗಿತ್ತು. ಐತಾಳರ ಸರೀಕರಾದ ಶೀನ ಮಯ್ಯರ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣ ಗಳಿಸಿದರು. ಇದು ಬರಿಯ ಕಲ್ಪನೆಯಲ್ಲ. ಉಡುಪಿ ಕುಂದಾಪುರಗಳ ಕಡೆಯಿಂದ ಅನೇಕರು ಗಟ್ಟದ ಮೇಲಕ್ಕೂ ಮದರಾಸು ಮುಂಬಯಿಗಳಿಗೂ ಹೋಗಿ ಅಡಿಗೆಯ ಕೈಗುಣವನ್ನೇ ಬಂಡವಾಳವಾಗಿಸಿಕೊಂಡದ್ದು ಇತಿಹಾಸ. ಬೆಂಗಳೂರಿನ ಹೆಸರಾಂತ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದುದು ಕೋಟದ ಸಮೀಪದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರಿಂದ. ನೆಲದಿಂದ ಬರುತ್ತಿದ್ದ ಅಕ್ಕಿಯ ಮುಡಿಗಿಂತ ಪಟ್ಟಣದಿಂದ ಬರುವ ಹಣಕ್ಕೆ ಬೆಲೆ ಹೆಚ್ಚಾದಾಗ ಹಳ್ಳಿಯ ಮಾನ ಮರ್ಯಾದೆಗಳ ಲೆಕ್ಕವೇ ಬದಲಾಯಿತು. ಐತಾಳರಿಗೂ ಹುರುಡು ಹುಟ್ಟಿತು. ನೆರೆಮನೆಯವರ ಮಕ್ಕಳು ಹೋಟೆಲಿನಿಂದ ಹಣ ತಂದರೆ ತಮ್ಮ ಮಗ ಇಂಗ್ಲಿಷ್ ಕಲಿತು ಅಧಿಕಾರಿಯಾಗಬೇಕು ಎಂದು ಅವರು ನಿಶ್ಚಯಿಸಿದರು.

ಲಚ್ಚ ಓದಲು ಊರು ಬಿಟ್ಟನು. ಅವನಿಗೆ ಬುದ್ಧಿಯ ಕೊರತೆಯಿರಲಿಲ್ಲ. ಆದರೆ ಪಟ್ಟಣದಲ್ಲಿ ಅವನು ಕಲಿತದ್ದು ಪಾಠಕ್ಕಿಂತ ಹೆಚ್ಚಾಗಿ ಸೋಗು. ಮನೆಯವರ ದುಡಿಮೆ ಅವನಿಗೆ ನಾಚಿಕೆಯ ವಿಷಯವಾಯಿತು; ಆ ದುಡಿಮೆಯಿಂದ ಬಂದ ಹಣ ಮಾತ್ರ ಬೇಕಾಯಿತು. ಕೆಟ್ಟ ಸಹವಾಸ, ಜೂಜು, ಸಾಲ ಒಂದರ ಹಿಂದೊಂದು ಬಂದವು. ತಿದ್ದಿಕೊಳ್ಳಬಹುದೆಂಬ ಆಸೆಯಿಂದ ಹಿರಿಯರು ಅವನಿಗೆ ನಾಗವೇಣಿಯೊಡನೆ ಮದುವೆ ಮಾಡಿದರು. ಮಗನ ದೋಷವನ್ನು ಸೊಸೆಯ ಬಾಳಿನಿಂದ ತೊಳೆಯಲು ಹೊರಟ ಈ ಉಪಾಯಕ್ಕೆ ಬಲಿಯಾದವಳು ಆ ಹುಡುಗಿ. ಗಂಡನ ದುರ್ನಡತೆ ತಂದ ರೋಗ ಅವಳ ಆರೋಗ್ಯವನ್ನೂ ಕೆಡಿಸಿತು. ಮಗನಿಂದ ಬೇಸತ್ತ ಐತಾಳರು ಆಸ್ತಿಯನ್ನು ಸೊಸೆಯ ಹೆಸರಿಗೆ ಬರೆದರೂ, ಅವರ ಕಾಲಾನಂತರ ಅದು ಲಚ್ಚನ ಕೈಸೇರಿ ಕರಗಿಹೋಯಿತು.

ಲಚ್ಚನನ್ನು ಕೆಡಿಸಿದುದು ಇಂಗ್ಲಿಷ್ ವಿದ್ಯೆಯೇ, ಪಟ್ಟಣವೇ? ಹಾಗೆ ಹೇಳಿಬಿಡುವುದು ಸುಲಭ. ಕಾರಂತರು ಆ ಸುಲಭದ ದಾರಿಯನ್ನು ಹಿಡಿಯುವುದಿಲ್ಲ. ಏಕೆಂದರೆ ಅದೇ ಮನೆಯ ಇನ್ನೊಬ್ಬ ಹುಡುಗ, ಲಚ್ಚ ನಾಗವೇಣಿಯರ ಮಗ, ಅದೇ ದಾರಿಯಲ್ಲಿ ಇನ್ನೂ ದೂರ ಹೋಗುತ್ತಾನೆ. ಆದರೆ ಬೇರೆ ಮನುಷ್ಯನಾಗಿ ಬೆಳೆಯುತ್ತಾನೆ. ಅವನ ಹೆಸರು ರಾಮ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು.

ರಾಮನು ಕಣ್ಣು ತೆರೆದಾಗ ಮನೆಯ ಸಿರಿ ಮುಗಿದಿತ್ತು. ತಂದೆಯಿದ್ದೂ ಇಲ್ಲದಂತಿದ್ದ ಆ ಹುಡುಗನನ್ನು ಬೆಳೆಸಿದವರು ತಾಯಿ ನಾಗವೇಣಿ, ಮತ್ತು ಮೂರು ತಲೆಮಾರುಗಳ ಭಾರವನ್ನು ಹೊತ್ತ ಸರಸೋತಿ. ಯಾವ ಮಗುವನ್ನೂ ಹೆರದ ಸರಸೋತಿಯೇ ಆ ಮನೆಯ ನಿಜವಾದ ಹಿರಿಯಳು. ಗಂಡಸರು ಕಟ್ಟಿ ಕೆಡಿಸಿದ ಮೇಲೆ ಉಳಿದುದನ್ನು ಆಯ್ದು ಜೋಡಿಸುವ ಪಾಲು ಯಾವಾಗಲೂ ಅವಳಿಗೆ ಬಂದಿತು. ನಾಗವೇಣಿಗೆ ಪಿಟೀಲು ಬಾರಿಸಲು ಬರುತ್ತಿತ್ತು. ಬಾಳು ಅವಳಿಂದ ಬಹಳಷ್ಟನ್ನು ಕಸಿದುಕೊಂಡರೂ ನಾದದ ಮೇಲಿನ ಒಲವನ್ನು ಕಸಿಯಲಾರದಾಯಿತು. ತಾಯಿಯ ಪಿಟೀಲನ್ನೂ ಕಡಲಿನ ಮೊರೆತವನ್ನೂ ಕೇಳುತ್ತ ರಾಮ ಬೆಳೆದನು. ಹೊಟ್ಟೆ ತುಂಬ ಊಟವಿಲ್ಲದ ದಿನಗಳಲ್ಲಿಯೂ ಆ ಮನೆಯಲ್ಲಿ ಚೆಲುವಿಗೆ ಸ್ಥಾನವಿತ್ತು ಎಂಬುದು ಸಣ್ಣ ವಿಷಯವಲ್ಲ.

ಮುಂದೆ ಅವನು ಕಾಲೇಜು ಓದಿಗೆ ಮದರಾಸಿಗೆ ಹೋಗುತ್ತಾನೆ. ಕನ್ನಡದ ಹುಡುಗ ಬೆಂಗಳೂರು ಮೈಸೂರುಗಳನ್ನು ಬಿಟ್ಟು ಅಷ್ಟು ದೂರ ಹೋದುದೇಕೆ ಎಂದು ಇಂದಿನ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ದಕ್ಷಿಣ ಕನ್ನಡವು 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಇಂಗ್ಲಿಷರ ವಶವಾಗಿ ಮದರಾಸು ಆಡಳಿತಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಅಲ್ಲಿಯೇ ಇದ್ದಿತು. ಅಂದಿನ ಕೋಡಿಯ ಹುಡುಗನಿಗೆ ಬೆಂಗಳೂರು ಬೇರೊಂದು ಸಂಸ್ಥಾನದ ಊರು. ಮದರಾಸು ತನ್ನ ಪ್ರಾಂತದ ರಾಜಧಾನಿ.

ಆಗ ದೇಶದಲ್ಲಿ ಸ್ವಾತಂತ್ರ್ಯ ಹೋರಾಟದ ಕಾವು ಏರಿದ್ದ ಕಾಲ. ರಾಮನು ಓದನ್ನು ಬದಿಗಿಟ್ಟು ಸತ್ಯಾಗ್ರಹಕ್ಕಿಳಿದು ಸೆರೆಮನೆ ಸೇರುತ್ತಾನೆ. ಇಲ್ಲಿ ಅನೇಕ ಕಥೆಗಾರರು ಜಯಕಾರದೊಡನೆ ಕಥೆ ಮುಗಿಸುತ್ತಿದ್ದರು. ಕಾರಂತರು ಹಾಗೆ ಮಾಡದೆ ಸೆರೆಮನೆಯಿಂದ ಹೊರಬಂದ ತರುಣನ ಹಿಂದೆಯೇ ಹೋಗುತ್ತಾರೆ. ತ್ಯಾಗ ಮಾಡಿದವನಿಗೂ ಹಸಿವು ತಪ್ಪದು. ತನ್ನನ್ನು ಓದಿಸಲು ತಾಯಿ ಪಟ್ಟ ಪಾಡನ್ನು ನೆನೆದಾಗ ಅವನ ಮನಸ್ಸು ಹಿಂಜುತ್ತದೆ. ದೇಶದ ಋಣ ದೊಡ್ಡದೋ ತಾಯಿಯ ಋಣ ದೊಡ್ಡದೋ ಎಂಬ ಪ್ರಶ್ನೆಗೆ ಯಾರೂ ಅವನಿಗೆ ಉತ್ತರ ಹೇಳಿಕೊಡುವುದಿಲ್ಲ. ಪದವಿ ಪಡೆದರೂ ಕೆಲಸ ಸಿಗುವುದಿಲ್ಲ. ಹೊಟ್ಟೆಪಾಡನ್ನು ಅರಸುತ್ತ ಮುಂಬಯಿ ಸೇರಿ, ಆ ಮಹಾನಗರದಲ್ಲಿ ಅಲೆದು, ಅಲ್ಲಿಯೂ ನೆಲೆ ಕಾಣದೆ ಕೊನೆಗೆ ಕೋಡಿಗೆ ಮರಳುತ್ತಾನೆ.

ಈ ಮರಳುವಿಕೆಯನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ಎಂಬುದು ಕಾದಂಬರಿಯನ್ನು ಓದಿದವರಲ್ಲಿ ಇಂದಿಗೂ ಚರ್ಚೆಯ ವಿಷಯ. ಅವನು ಮರಳಿದ ಊರು ಅಜ್ಜನ ಕಾಲದ ಊರಲ್ಲ. ಮನೆ ಹಾಳುಬಿದ್ದಿದೆ, ನೆಲ ದುಡಿಯುವವರಿಲ್ಲದೆ ಸೊರಗಿದೆ. ಪಟ್ಟಣದಲ್ಲಿ ಕಳೆದುಕೊಂಡುದೆಲ್ಲ ಹಳ್ಳಿಯಲ್ಲಿ ತಾನಾಗಿ ಸಿಗುತ್ತದೆ ಎಂಬ ಭರವಸೆಯನ್ನು ಕಾರಂತರು ಕೊಡುವುದಿಲ್ಲ. ಎಲ್ಲರೂ ಹೀಗೆಯೇ ಹಿಂದಿರುಗಬೇಕೆಂದು ಅವರು ವಿಧಿಸುವುದೂ ಇಲ್ಲ. ಶೀನ ಮಯ್ಯರ ಮನೆಯವರ ಹೋಟೆಲುಗಳು ಎಷ್ಟೋ ಬಡ ಹುಡುಗರಿಗೆ ಅನ್ನವಾದವು ಎಂಬುದನ್ನು ಕೋಡಿಯಂಥ ಊರಿನ ಯಾರೂ ಅಲ್ಲಗಳೆಯಲಾರರು.

ಆದರೆ ತಂದೆಗೂ ಮಗನಿಗೂ ಇರುವ ವ್ಯತ್ಯಾಸ ಇಲ್ಲಿ ನಿಚ್ಚಳವಾಗುತ್ತದೆ. ಲಚ್ಚನೂ ಊರಿಗೆ ಮರಳುತ್ತಿದ್ದನು. ಪ್ರತಿ ಸಲವೂ ಏನಾದರೂ ಒಯ್ಯಲು. ರಾಮ ಮರಳಿದುದು ಇರಲು. ಲಚ್ಚನ ಕಣ್ಣಿಗೆ ಗದ್ದೆಯೆಂದರೆ ಅಡವಿಡಬಹುದಾದ ಆಸ್ತಿ. ರಾಮನಿಗೆ ಆ ಗದ್ದೆಯ ಅಂಚಿನಲ್ಲಿ ಸರಸೋತಿ ಬಾಗಿ ದುಡಿದ ಬೆನ್ನು ಕಾಣಿಸುತ್ತದೆ. ಒಬ್ಬ ಹುಡುಗ ದೊಡ್ಡವನಾದನೆಂದು ಹೇಳುವುದು ಮೀಸೆ ಮೂಡಿದಾಗಲೂ ಅಲ್ಲ, ಪದವಿ ಬಂದಾಗಲೂ ಅಲ್ಲ. ತನ್ನನ್ನು ಸಾಕಿದವರ ದುಡಿಮೆ ಅವನ ಕಣ್ಣಿಗೆ ಬಿದ್ದಾಗ. ಕಾದಂಬರಿಯ ಮೊದಲ ಭಾಗದಲ್ಲಿ ಕಾರಂತರು ಆ ಕೆಲಸಗಳನ್ನು ಅಷ್ಟು ನಿಧಾನವಾಗಿ ತೋರಿಸಿದ್ದು ಇದಕ್ಕಾಗಿಯೇ ಎಂದು ಆಗ ಹೊಳೆಯುತ್ತದೆ. ಲಚ್ಚ ನೋಡದೆ ಹೋದುದನ್ನು ಓದುಗನು ಮೊದಲೇ ನೋಡಿರುತ್ತಾನೆ.

ಐತಾಳರ ಮೇಲೂ ಒಂದು ಮಾತು ಸಲ್ಲಬೇಕು. ಅವರು ದುಷ್ಟರಲ್ಲ, ಶ್ರಮಜೀವಿಗಳು. ಆದರೆ ಮಗನನ್ನು ಓದಿಸಿದುದರಲ್ಲಿ ಮಗನ ಹಿತಕ್ಕಿಂತ ನೆರೆಯವರ ಮುಂದೆ ತಲೆಯೆತ್ತುವ ಆಸೆ ಹೆಚ್ಚಾಗಿತ್ತು. ಹೋಟೆಲಿನ ಹಣಕ್ಕೆ ಪ್ರತಿಯಾಗಿ ಹೂಡಿದ ಪಣವಾಗಿ ಬೆಳೆದ ಮಗುವು ಪಣದಂತೆಯೇ ಕೈಬಿಟ್ಟುಹೋಯಿತು. ನಾಗವೇಣಿಯೂ ಸಾಲಸೋಲ ಮಾಡಿ ಮಗನನ್ನು ಓದಿಸಿದಳು, ನಿಜ; ಆದರೆ ಯಾರ ಮುಂದೆ ಮೆರೆಯಲಿಕ್ಕೂ ಅಲ್ಲ.

ಕಾರಂತರು ಇದನ್ನೆಲ್ಲ ದೂರದಿಂದ ಕಂಡು ಬರೆದವರಲ್ಲ. ಅವರು 1902ರ ಅಕ್ಟೋಬರ್ 10ರಂದು ಹುಟ್ಟಿದುದು ಕೋಡಿಯ ನೆರೆಯ ಕೋಟದಲ್ಲಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ತರುಣರಲ್ಲಿ ಅವರೂ ಒಬ್ಬರು. ಯಕ್ಷಗಾನ, ಚಿತ್ರ, ವಿಜ್ಞಾನ, ಮಕ್ಕಳ ಶಿಕ್ಷಣ ಎಂದು ಹಲವು ಹಾದಿಗಳಲ್ಲಿ ನಡೆದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಪುತ್ತೂರಿನಲ್ಲಿ ಹಲವು ದಶಕಗಳನ್ನು ಕಳೆದ ಅವರು ಇಳಿವಯಸ್ಸಿನಲ್ಲಿ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಸಾಲಿಗ್ರಾಮದ ಪಕ್ಕದಲ್ಲಿಯೇ ಕೋಟ. ಅಲ್ಲಿಂದ ಪಡುವಣಕ್ಕೆ ನಡೆದರೆ ಹೊಳೆ, ಹೊಳೆಯಾಚೆಗೆ ಕೋಡಿ, ಕೋಡಿಯಾಚೆಗೆ ಕಡಲು.