ಮಲೆನಾಡಿನ ಮನೆಯಲ್ಲಿ ಹೈ-ಫೈ: ಮಾಡಬೇಕಾದ್ದು, ಮಾಡಬಾರದ್ದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಆಂಪ್ಲಿಫೈಯರ್, ಸ್ಪೀಕರ್, ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಡೆಕ್ ಇಟ್ಟುಕೊಂಡವರಿಗೆ.

ಇಲ್ಲಿ ಸದ್ದು ಕೆಡಿಸುವುದು ಸಿಡಿಲು, ತೇವ ಮತ್ತು ಅರ್ಥಿಂಗ್ ಇಲ್ಲದ ವೈರಿಂಗ್. ಸೆಟ್ ಯಾವ ಕಂಪನಿಯದು ಎಂಬುದು ಆಮೇಲಿನ ಮಾತು. ಸಿಡಿಲು ಸೆಟ್ಟನ್ನು ಸುಡುತ್ತದೆ. ಬೂಷ್ಟು ಟೇಪನ್ನು ತಿನ್ನುತ್ತದೆ. ಅರ್ಥಿಂಗ್ ಇಲ್ಲದ ಕಬ್ಬಿಣದ ಪೆಟ್ಟಿಗೆ ಮುಟ್ಟಿದವರನ್ನು ಕೊಲ್ಲಬಹುದು. ಶೃಂಗೇರಿ, ಕೊಪ್ಪದಷ್ಟು ಮಳೆ ನರಸಿಂಹರಾಜಪುರಕ್ಕಿಲ್ಲ. ಸಿಡಿಲಿಗೆ ಆ ಭೇದವಿಲ್ಲ.

ಮಾಡಬೇಕಾದ್ದು

*ಕರೆಂಟು*

ದೂರದ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಚೂರು ಸಂದನ್ನು ಸಿಡಿಲು ಸಲೀಸಾಗಿ ಹಾರುತ್ತದೆ.

ಡಿಶ್, ಬ್ರಾಡ್‌ಬ್ಯಾಂಡ್, ಆಂಟೆನಾ ವೈರುಗಳನ್ನೂ ಸೆಟ್ಟಿನಿಂದ ಬಿಡಿಸಿ.

ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಏಪ್ರಿಲ್, ಮೇ ತಿಂಗಳಲ್ಲಿ ಮನೆ ಬಿಟ್ಟು ಹೊರಡುವಾಗ ಪ್ಲಗ್ ಕಿತ್ತೇ ಹೊರಡಿ.

ಕರೆಂಟು ಹೋದರೆ ಆಂಪ್ಲಿಫೈಯರ್ ಆರಿಸಿ. ಬಂದ ಮೇಲೆ 5 ನಿಮಿಷ ಬಿಟ್ಟು ಹಾಕಿ.

ಅರ್ಥಿಂಗ್ ಇದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ಹಳೇ ತೊಟ್ಟಿಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ವೈರೇ ಇರದಿರಬಹುದು.

ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ.

ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಹಾಕಿಸಿ.

ಸೆಟ್ಟಿನ ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಹಾಕಿ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಹಳ ಸಲ ಇಷ್ಟಕ್ಕೇ ನಿಲ್ಲುತ್ತದೆ.

ರೆಕಾರ್ಡ್ ಪ್ಲೇಯರಿನ ತೆಳ್ಳನೆ ಅರ್ಥ್ ವೈರನ್ನು ಆಂಪ್ಲಿಫೈಯರ್ ಹಿಂದಿನ ಸ್ಕ್ರೂಗೆ ಬಿಗಿಯಿರಿ.

ಇನ್ವರ್ಟರ್ ಮೇಲೆ ಕೇಳುವವರು ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ.

*ತೇವ*

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗುಡುಗಿಲ್ಲದ ಹೊತ್ತು ನೋಡಿ, ದಿನಕ್ಕೊಂದು ತಾಸು ಸೆಟ್ ಹಾಕಿಡಿ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಬಳಸದೆ ಮುಚ್ಚಿಟ್ಟ ಸೆಟ್ಟಿನ ವಾಲ್ಯೂಮ್ ಗುಂಡಿ ಮಳೆಗಾಲ ಮುಗಿಯುವ ಹೊತ್ತಿಗೆ ಕರಕರ ಎನ್ನುತ್ತದೆ.

ಕ್ಯಾಸೆಟ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ನೀಲಿ ಹರಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿಯಾಗಿಸಿ. ಅದಕ್ಕೆ ಬೇರೆಯೇ ಬಾಣಲೆ ಇಟ್ಟುಕೊಳ್ಳಿ. ಆ ನೀಲಿ ಬಣ್ಣ ವಿಷ.

ರೆಕಾರ್ಡ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ.

ಮಳೆಗಾಲ ಕಳೆದ ಮೇಲೆ ಸ್ಪೀಕರ್ ವೈರಿನ ಹಸಿರುಗಟ್ಟಿದ ತುದಿ ಕತ್ತರಿಸಿ, ಹೊಸ ತಾಮ್ರ ಬಿಡಿಸಿ ಸಿಕ್ಕಿಸಿ.

ವೈರುಗಳನ್ನು ಪೈಪಿನೊಳಗೆ ಹಾಯಿಸಿ. ಅಡಿಕೆ ಮನೆಯೊಳಗೆ ಬಂದರೆ ಇಲಿಯೂ ಬರುತ್ತದೆ.

ಊರಿನ ಹರಕೆಯಾಟ, ಮದುವೆ, ಅಜ್ಜಿಯ ಹಾಡು ತುಂಬಿಸಿಟ್ಟ ಕ್ಯಾಸೆಟ್‌ಗಳನ್ನು ಈ ವರ್ಷವೇ ಕಂಪ್ಯೂಟರಿಗೆ ಇಳಿಸಿ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅಂಗಳದ ಆಟದಲ್ಲಿ ಯಾರೋ ತುಂಬಿಸಿಕೊಂಡ ಅವರ ಭಾಗವತಿಕೆ ನಿಮ್ಮ ಕಪಾಟಿನ ಒಂದೇ ಟೇಪಿನಲ್ಲಿ ಇರಬಹುದು. ವೇವ್ ಫೈಲಾಗಿ ಉಳಿಸಿ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ.

*ಜಾಗ* (ಇದಕ್ಕೆ ಹೆಚ್ಚು ಖರ್ಚಿಲ್ಲ, ಸದ್ದು ಹೆಚ್ಚು ಸುಧಾರಿಸುವುದೂ ಇಲ್ಲಿಯೇ)

ಎರಡು ಸ್ಪೀಕರ್, ನಿಮ್ಮ ತಲೆ: ಮೂರರ ನಡುವಿನ ದೂರ ಸಮ ಮಾಡಿ.

ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಲಿ.

ಸ್ಪೀಕರನ್ನು ಹಿಂದಿನ ಗೋಡೆಯಿಂದ 2-3 ಅಡಿ ಮುಂದೆ ತನ್ನಿ.

ಕೂರುವ ಕುರ್ಚಿಯನ್ನೂ ಗೋಡೆಯಿಂದ ಎಳೆಯಿರಿ. 12 ಅಡಿ ಉದ್ದದ ಕೋಣೆ 47 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಗುಂಯ್‌ಗುಡುತ್ತದೆ, ಗೋಡೆಗಂಟಿ ಕೂತವರಿಗೆ ಅದೇ ಜೋರಾಗಿ ಕೇಳುತ್ತದೆ.

ರೆಡ್ ಆಕ್ಸೈಡ್ ನೆಲಕ್ಕೆ ಜಮಖಾನ ಹಾಸಿ. ಬರಿ ನೆಲದಿಂದ ಪುಟಿದ ಸದ್ದು ಮಾತನ್ನು ಕಲಸುತ್ತದೆ.

ಉಪ್ಪರಿಗೆಯ ಹಲಗೆ ನೆಲವಾದರೆ ಸ್ಪೀಕರ್ ಅಡಿಗೆ ಕಲ್ಲಿನ ಚಪ್ಪಡಿ, ಅದರಡಿಗೆ ರಬ್ಬರ್ ಕೊಡಿ.

ರೆಕಾರ್ಡ್ ಪ್ಲೇಯರನ್ನು ಗೋಡೆಗೆ ಹೊಡೆದ ಶೆಲ್ಫಿನ ಮೇಲಿಡಿ. ಹಲಗೆ ನೆಲದ ಮೇಲೆ ಮಕ್ಕಳು ಓಡಿದರೆ ಮುಳ್ಳು ಹಾರುತ್ತದೆ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ವೈರು ಜೋಡಿಸಿ. ಒಂದು ಕಡೆ ತಿರುಗಾಮುರುಗಾ ಆದರೆ ಮದ್ದಲೆಯ ತಳ ಮಾಯವಾಗುತ್ತದೆ.

ಮೋನೋ ಹಾಕಿ ಪರೀಕ್ಷಿಸಿ: ಭಾಗವತರ ದನಿ ಎರಡು ಸ್ಪೀಕರ್ ನಟ್ಟನಡುವಿಂದ ಬರಬೇಕು.

ಫೋನಿನಿಂದ ಕೇಳುವಾಗ ಫೋನಿನ ವಾಲ್ಯೂಮ್ ಏರಿಸಿ, ಆಂಪ್ಲಿಫೈಯರಿನದ್ದು ಇಳಿಸಿ.

ಮಾಡಬಾರದ್ದು

ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕೀಳುವುದು ಬೇಡ. ಸದ್ದೇನೋ ನಿಲ್ಲುತ್ತದೆ, ಆದರೆ ಪೆಟ್ಟಿಗೆಯೇ ಶಾಕ್ ಹೊಡೆಯಬಹುದು. ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವವರು ಇದನ್ನು ಪಾಲಿಸಿ.

ಸಿಡಿಲು ತಲೆಯ ಮೇಲೇ ಬಡಿಯುವಾಗ ಪ್ಲಗ್ಗಿಗೆ ಕೈ ಹಾಕಬಾರದು. ತಡವಾಯಿತು, ದೂರ ಸರಿಯಿರಿ.

ಸರ್ಜ್ ಪ್ರೊಟೆಕ್ಟರ್ ಇದೆ ಎಂದು ಪ್ಲಗ್ ಬಿಟ್ಟುಬಿಡುವುದು ಬೇಡ. ಹತ್ತಿರದ ಸಿಡಿಲಿಗೆ ಅದು ತಡೆಯಲ್ಲ.

ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಹಿಡಿಯಲು ಅಡಿಕೆ ಮರಕ್ಕೆ ಕಟ್ಟಿದ ತಾಮ್ರದ ತಂತಿಯನ್ನು ಗುಡುಗು-ಮಳೆಯ ಕಾಲದಲ್ಲಿ ಸೆಟ್ಟಿಗೆ ಸಿಕ್ಕಿಸಿಡಬಾರದು.

ಒದ್ದೆ ಕೈ, ಬರಿಗಾಲಲ್ಲಿ ಸೆಟ್ ಮುಟ್ಟುವುದು ಬೇಡ.

ಆಂಪ್ಲಿಫೈಯರ್ ಮುಚ್ಚಳ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ನಿಂತಿರುತ್ತದೆ. ವಾಲ್ವಿನ ಹಳೇ ಸೆಟ್ಟಿನಲ್ಲಿ ಅದು ನೂರಾರು ವೋಲ್ಟ್.

ಸೆಟ್ಟಿನ ಮೇಲೆ ಕ್ರೋಶಾ ಹೊದಿಕೆ ಹಾಸುವುದು ಬೇಡ.

ಅದರ ಮೇಲೆ ಹೂದಾನಿ, ದೀಪ, ಕಾಫಿ ಲೋಟ ಇಡುವುದೂ ಬೇಡ.

ಸ್ಪೀಕರನ್ನು ಮೂಲೆಗೆ ಒತ್ತಬಾರದು. ಚಂಡೆಯ ಏಟು ಒಡೆದು ಕೇಳದೆ ಬರಿ ಗುಡುಗಾಗುತ್ತದೆ.

ಹಂಚಿನ ಮೇಲೆ ಮಳೆ ಬಡಿಯುವಾಗ ವಾಲ್ಯೂಮ್ ಏರಿಸುತ್ತಾ ಹೋಗುವುದು ಬೇಡ. ಮಳೆಯನ್ನು ಗೆಲ್ಲಲು ಹೊರಟ ಸಣ್ಣ ಆಂಪ್ಲಿಫೈಯರ್ ಒಡಕು ಸದ್ದು ಹೊರಡಿಸಿ ಟ್ವೀಟರ್ ಸುಡುತ್ತದೆ. ಜುಲೈಯಲ್ಲಿ ಹೆಡ್‌ಫೋನ್ ಹಾಕಿ.

ಜಗಲಿಗೊಂದು, ನಡುಮನೆಗೊಂದು ಎಂದು 4 ಓಮ್‌ನ ಎರಡು ಸ್ಪೀಕರ್‌ಗಳನ್ನು ಒಂದೇ ಚಾನೆಲ್ಲಿಗೆ ಸಮಾನಾಂತರವಾಗಿ ಜೋಡಿಸಬಾರದು. ಅದು 2 ಓಮ್ ಆಗುತ್ತದೆ. ಮನೆ ಬಳಕೆಯ ಆಂಪ್ಲಿಫೈಯರ್ ತಾಳುವುದಿಲ್ಲ.

ಮೀಟರಿಗೆ ಸಾವಿರಗಟ್ಟಲೆ ರೂಪಾಯಿಯ ಸ್ಪೀಕರ್ ವೈರು ಬೇಡ. 1.5 ಚದರ ಮಿಲಿಮೀಟರಿನ ತಾಮ್ರದ ವೈರು ಮನೆಗೆ ಧಾರಾಳ. ಉಳಿದ ದುಡ್ಡಿಗೆ ಅರ್ಥಿಂಗ್ ಗುಂಡಿ ತೋಡಿಸಿ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್ಕಿಗೆ ಹಾಕಬಾರದು. ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ.

ಕ್ಯಾಸೆಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು ಬೇಡ. ಬಿಸಿಲಿಗೂ ಬೇಡ.

ಟೇಪುಗಳನ್ನು ಸ್ಪೀಕರ್ ಮೇಲೆ ಪೇರಿಸಬಾರದು. ಒಳಗಿರುವುದು ಅಯಸ್ಕಾಂತ.

78 ಆರ್‌ಪಿಎಂ ಅರಗಿನ ತಟ್ಟೆಯನ್ನು ಸ್ಪಿರಿಟ್‌ನಲ್ಲಿ ಒರೆಸಬಾರದು. ಅರಗು ಕರಗುತ್ತದೆ, ಹಾಡೂ ಅದರ ಜೊತೆ.

ಎಲ್‌ಪಿ ಮುಳ್ಳಿನಲ್ಲಿ 78ರ ತಟ್ಟೆ ಹಾಕುವುದು ಬೇಡ. ಅದಕ್ಕೆ ದಪ್ಪ ಮುಳ್ಳು ಬೇರೆ ಇದೆ.

ಅಡಿಕೆ ಬೇಯಿಸುವ ಹಂಡೆಯ ಹೊಗೆ ನುಗ್ಗುವ ಕಿಟಕಿಯ ಬಳಿ ಸೆಟ್ ಇಡಬಾರದು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಹೊರಗೆ ಹೋಗಬಾರದು. ಆಚೆ ಗುಡ್ಡದ ಮನೆಗೂ ಕೇಳುತ್ತದೆ.

ಶಾಕ್ ಹೊಡೆದರೆ

ಹಿಡಿದುಕೊಂಡವರನ್ನು ಮುಟ್ಟುವುದು ಬೇಡ. ಮೊದಲು ಮೇನ್ ಆರಿಸಿ.

ಮೇನ್ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರು ಸರಿಸಿ.

108ಕ್ಕೆ ಫೋನ್ ಮಾಡಿ.

ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100-120 ಸಲ ಒತ್ತಿ, ಗಾಡಿ ಬರುವವರೆಗೆ ನಿಲ್ಲಿಸಬಾರದು.

ಸೆಟ್ಟಿಗೆ ಬೆಂಕಿ ಹತ್ತಿದ್ದರೆ ನೀರು ಸುರಿಯುವುದು ಬೇಡ. ಮೇನ್ ಆರಿಸಿ, ಒಣ ಮರಳು ಹಾಕಿ.

ಅಂಗಳದಲ್ಲಿ ಲೈನ್ ಹರಿದು ಬಿದ್ದಿದ್ದರೆ ಹತ್ತಿರ ಹೋಗಬಾರದು. ಮೆಸ್ಕಾಂಗೆ ತಿಳಿಸಿ: 1912.