ಹಳೆಯ ಯೆಜ್ಡಿ ಏರು ಹತ್ತದಿದ್ದರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಒಂದು ಯೆಜ್ಡಿ ಬೈಕು ಮರೋಳದ ನಮ್ಮ ಮನೆಯಲ್ಲಿ ಇನ್ನೂ ಓಡುತ್ತಿದೆ. ಅದು ಏರಿನಲ್ಲಿ ಎಳೆಯದಾದಾಗ 'ಬೋರ್ ಮಾಡಿಸಿ' ಎಂದರು. ಅದು ದೊಡ್ಡ ಖರ್ಚು. ಹಾಗಾಗಿ ಮೊದಲು ಪ್ಲಗ್ ಬಿಚ್ಚಿ ನೋಡಿದೆ.

ಪ್ಲಗ್ಗಿನ ತುದಿ ಕಾಫಿ ಬಣ್ಣವಿದ್ದರೆ ದಹನ ಸರಿಯಿದೆ. ಬಿಳಿಯಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಹಾಗೆಯೇ ಓಡಿಸಿದರೆ ಪಿಸ್ಟನ್ ಕಾದು ಸೀಜ್ ಆಗಬಹುದು. ಕಪ್ಪು ಮಸಿಯಿದ್ದರೆ ಗಾಳಿ ಸಾಲುತ್ತಿಲ್ಲ. ನಮ್ಮದು ಕಪ್ಪಗಿತ್ತು. ಏರ್ ಫಿಲ್ಟರ್ ಸ್ವಚ್ಛ ಮಾಡಿದೆ, ಸ್ವಲ್ಪವೇ ಸುಧಾರಿಸಿತು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಕೂಡ ಸುಡುವುದರಿಂದ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಸುಟ್ಟ ಹೊಗೆ ಹೊರಹೋಗದಿದ್ದರೆ ಹೊಸ ಮಿಶ್ರಣಕ್ಕೆ ಒಳಗೆ ಜಾಗ ಸಿಗದು. ಆ ಮಸಿ ಕೆರೆದು ತೆಗೆದ ಮೇಲೆ ಬೈಕು ಏರು ಹತ್ತಿತು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿದರೆ ಮಾತ್ರ ನಿಜವಾದ ಕಾರಣ ತಿಳಿಯುತ್ತದೆ.