ಕಾರು ಫೇಲು, ಹೆಂಡತಿಗೆ ತಲೆನೋವು

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ನನ್ನದು 2006ರ ಮಾರುತಿ 800. ಮೊನ್ನೆ ಎಮಿಷನ್ ಟೆಸ್ಟಿನಲ್ಲಿ ಫೇಲಾಯಿತು. ಚೀಟಿಯಲ್ಲಿ ಸಿಒ 1.8, ಎಚ್‌ಸಿ 310 ಎಂದಿದೆ. ಗ್ಯಾರೇಜಿನವರು ‘ಕನ್ವರ್ಟರ್ ಹೋಗಿದೆ, ಹೊಸದು ಹಾಕಿಸಿ’ ಅಂದರು. ಅವರು ಹೇಳಿದ ಬೆಲೆಗೆ ನನ್ನ ಅರ್ಧ ತಿಂಗಳ ಪಿಂಚಣಿ ಬೇಕು. ಇದು ಡಾಕ್ಟರಿಗೆ ಕೇಳುವ ಪ್ರಶ್ನೆಯಲ್ಲ, ಗೊತ್ತು. ಆದರೆ ನೀವೂ ಹಳೇ ಕಾರು ಓಡಿಸುವವರೆಂದು ಹಿಂದೊಮ್ಮೆ ಬರೆದಿದ್ದಿರಿ. ಇನ್ನೊಂದು ವಿಷಯ: ಗಾಜು ಏರಿಸಿಕೊಂಡು ಅರ್ಧ ಗಂಟೆ ಹೋದರೆ ನನ್ನ ಹೆಂಡತಿಗೆ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ. ಪಿತ್ತವೆಂದು ನಿಂಬೆಹಣ್ಣು ಮೂಸುತ್ತಾ ಕೂರುತ್ತಾಳೆ. ಮನೆಗೆ ಬಂದರೆ ಸಂಜೆಯೊಳಗೆ ಸರಿಹೋಗುತ್ತದೆ. ಅವಳಿಗೆ ರಕ್ತ ಸ್ವಲ್ಪ ಕಡಿಮೆ.
– ಹೆಸರು ಬೇಡ, ತುಮಕೂರು

ಉತ್ತರ: ಮೇಷ್ಟ್ರೇ, ‘ಇನ್ನೊಂದು ವಿಷಯ’ ಎಂದು ಕೊನೆಗೆ ಸೇರಿಸಿದಿರಲ್ಲ, ಅದನ್ನೇ ಮೊದಲು ನೋಡೋಣ. ರೋಗಿಗಳೂ ಹಾಗೇ. ಮಂಡಿನೋವಿನ ಕಥೆಯನ್ನೆಲ್ಲ ಹೇಳಿ, ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, ‘ಎದೆಯೂ ಸ್ವಲ್ಪ ಹಿಡಿದಂತಾಗುತ್ತೆ ಡಾಕ್ಟ್ರೇ’ ಅನ್ನುತ್ತಾರೆ.

ನಿಮ್ಮ ಚೀಟಿಯ ಸಿಒ ಎಂದರೆ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಳ್ಳೆಯ ಗಾಳಿಗೆ ಬಂದ ಮೇಲೂ ಅದರ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಕಾರು ಹತ್ತಿದರೆ ಬರುವ, ಇಳಿದರೆ ಹೋಗುವ ತಲೆನೋವಿಗೆ ಬರೀ ಪಿತ್ತವೆಂದು ಸುಮ್ಮನಿರಬಾರದು. ಪ್ರಯಾಣದ ವಾಕರಿಕೆಯೋ ಮೈಗ್ರೇನೋ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಕಾರು ಸಿಒ ಹೆಚ್ಚೆಂದೇ ಫೇಲಾಗಿರುವಾಗ ನನ್ನ ಅನುಮಾನ ಮೊದಲು ಹೋಗುವುದು ಸೈಲೆನ್ಸರ್ ಪೈಪಿನ ಕಡೆಗೆ. ನಿಮಗೆ ಏನೂ ಆಗುತ್ತಿಲ್ಲವೆಂಬುದು ಸಮಾಧಾನವಲ್ಲ. ರಕ್ತ ಕಡಿಮೆ ಇರುವವರಿಗೆ, ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ ಇದು ಬೇಗ ತಟ್ಟುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಇಲ್ಲಿ ನಂಬಬೇಡಿ. ಅದು ಸಿಒ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಿಬಿಡುತ್ತದೆ.

ಈಗ ಚೀಟಿಯನ್ನು ರಕ್ತಪರೀಕ್ಷೆಯ ರಿಪೋರ್ಟಿನಂತೆ ಓದೋಣ. ನಿಮ್ಮ ಕಾರು ಬಿಎಸ್-2 ಮಾಲಿನ್ಯ ನಿಯಮದ ಕಾಲದ್ದು. ಅದಕ್ಕೆ ಮಿತಿ ಸಿಒ 0.5 ಶೇಕಡಾ, ಎಚ್‌ಸಿ 750 ಪಿಪಿಎಂ. ಎಚ್‌ಸಿ ಎಂದರೆ ಉರಿಯದೆ ಹೊರಬಂದ ಪೆಟ್ರೋಲು. ಅದು ಮಿತಿಯೊಳಗಿದೆ, ಅಂದರೆ ಪ್ಲಗ್ಗುಗಳು ಕಿಡಿ ಕೊಡುತ್ತಿವೆ. ಸಿಒ ಮಾತ್ರ ಏರಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಹೊಗೆಯ ವಿಷ ಕಳೆಯುವ ಕನ್ವರ್ಟರ್ ಸತ್ತಿದ್ದರೂ ಇರಬಹುದು. ಆದರೆ ಹೆಚ್ಚು ಪೆಟ್ರೋಲು ಹೋಗುವುದನ್ನು ನಿಲ್ಲಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಕೆಡುತ್ತದೆ. ಜ್ವರದ ಕಾರಣ ಹುಡುಕದೆ ದುಬಾರಿ ಆಂಟಿಬಯಾಟಿಕ್ ಬರೆದಂತೆ.

ಎಂಜಿನ್ನಿನಿಂದ ಹೊಗೆಪೈಪ್ ಹೊರಡುವ ಕಡೆ ಒಂದು ಗ್ಯಾಸ್ಕೆಟ್ ಇರುತ್ತದೆ, ಅದರ ಆಚೆಗೆ ಆಕ್ಸಿಜನ್ ಸೆನ್ಸರ್. ಗ್ಯಾಸ್ಕೆಟ್ ಸೋರಿದರೆ ಹೊಗೆ ಹೊರಗೆ ಬರುತ್ತದೆ, ಜೊತೆಗೆ ಹೊರಗಿನ ಗಾಳಿ ಪೈಪಿನೊಳಕ್ಕೂ ಸೇರುತ್ತದೆ. ಸೆನ್ಸರ್ ಆ ಗಾಳಿಯನ್ನು ಕಂಡು ‘ಪೆಟ್ರೋಲು ಸಾಲದು’ ಎಂದು ಕಂಪ್ಯೂಟರಿಗೆ ವರದಿ ಕೊಡುತ್ತದೆ, ಅದು ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಸಿಒ ಏರುವುದು ಹೀಗೆ. ಆ ಸಿಒ ತುಕ್ಕು ತಿಂದ ತಳದ ತೂತಿನಿಂದಲೋ ಬ್ಲೋವರಿನಿಂದಲೋ ಒಳಗೆ ಬಂದರೆ ನಿಮ್ಮ ಮನೆಯವರ ತಲೆನೋವೂ ಹೀಗೇ. ಎರಡು ಕಾಯಿಲೆಗೆ ಒಂದೇ ಬೇರು ಇರಬಹುದು.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಕಾರನ್ನು ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಒಬ್ಬರು ಒದ್ದೆ ಬಟ್ಟೆಯ ಮುದ್ದೆಯನ್ನು ಸೈಲೆನ್ಸರ್ ಬಾಯಿಗೆ ಎರಡು ಕ್ಷಣ ಒತ್ತಿ ಹಿಡಿಯಲಿ. ಬಾನೆಟ್ ಹತ್ತಿರ ‘ಪುಸ್ ಪುಸ್’ ಸದ್ದು ಕೇಳಿದರೆ, ಜಾಯಿಂಟಿನಲ್ಲಿ ಕಾಡಿಗೆ ಬಳಿದಂಥ ಕಪ್ಪು ಗುರುತು ಕಂಡರೆ, ಅಲ್ಲೇ ಸೋರಿಕೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇದನ್ನು ಖಂಡಿತ ಮಾಡಬೇಡಿ. ಗ್ಯಾಸ್ಕೆಟ್, ಏರ್ ಫಿಲ್ಟರ್, ಬೇಕಿದ್ದರೆ ಮೂರು ಪ್ಲಗ್, ಹೊಸ ಎಂಜಿನ್ ಆಯಿಲ್: ಎಲ್ಲ ಸೇರಿದರೂ ಕನ್ವರ್ಟರ್ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಆಮೇಲೂ ಸಿಒ ಇಳಿಯದಿದ್ದರೆ ಸೆನ್ಸರ್ ನೋಡಿಸಿ. ಕನ್ವರ್ಟರ್ ಸರದಿ ಕೊನೆಗೆ.

ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಎಂದೂ ಕೇಳಿ. ‘ಇದ್ದರೆ ಗಾಡಿ ಬಿಸಿಯಾಗುತ್ತೆ ಸಾರ್’ ಎಂದು ನನ್ನ ಕಾರಿನದನ್ನು ಒಬ್ಬ ಮೆಕ್ಯಾನಿಕ್ ಕಿತ್ತು ಎಸೆದಿದ್ದ. ಎಂಜಿನ್ ಸದಾ ಚಳಿಯಲ್ಲೇ ಇದ್ದು, ಕಂಪ್ಯೂಟರ್ ಬೆಳಗಿನ ಜಾವದ ಲೆಕ್ಕದಲ್ಲಿ ದಿನವಿಡೀ ಪೆಟ್ರೋಲು ಸುರಿಯುತ್ತಿತ್ತು. ಎರಡು ಸಲ ಫೇಲಾದ ಮೇಲೆ ಬುದ್ಧಿ ಬಂತು.

ಟೆಸ್ಟಿಗೆ ಮುಂಚೆ ಇಪ್ಪತ್ತು ನಿಮಿಷ ಹೈವೇಯಲ್ಲಿ ಓಡಿಸಿ, ಆರಿಸದೆ ನೇರ ಹೋಗಿ. ಕನ್ವರ್ಟರ್ ಸುಮಾರು 300 ಡಿಗ್ರಿ ಬಿಸಿಯಾಗದೆ ಕೆಲಸಕ್ಕೆ ಏಳುವುದಿಲ್ಲ.

ಪ್ರಶ್ನೆ: ಗಾಡಿ ತರದೆಯೇ ಎಮಿಷನ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅನ್ನುತ್ತಾರೆ ಒಬ್ಬರು. ತಗೊಳ್ಳಬಹುದೇ?
– ಯುವಕ, ದಾವಣಗೆರೆ

ಉತ್ತರ: ಪಕ್ಕದ ಮನೆಯವರ ರಕ್ತ ಕೊಟ್ಟರೆ ನಿಮ್ಮ ಶುಗರ್ ರಿಪೋರ್ಟೂ ನಾರ್ಮಲ್ ಬರುತ್ತದೆ. ಬೇಡ.

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ. ಟೆಸ್ಟಿನಲ್ಲಿ ಫೇಲಾಗುತ್ತದೆಯೇ?
– ಗೃಹಿಣಿ, ಮಡಿಕೇರಿ

ಉತ್ತರ: ಐದಾರು ನಿಮಿಷದಲ್ಲಿ ನಿಂತರೆ ಅದು ನೀರಾವಿ, ನಮ್ಮ ಬಾಯಿಂದ ಬರುವಂಥದ್ದೇ. ಬಿಸಿಯಾದ ಮೇಲೂ ಬರುತ್ತಿದ್ದು ಕೂಲಂಟ್ ಕಡಿಮೆಯಾಗುತ್ತಿದ್ದರೆ ತೋರಿಸಿ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಮೇಷ್ಟ್ರಿಗೆ ಹೇಳಿದ್ದೇ ನಿಮಗೂ.

ತುಮಕೂರಿನ ಮೇಷ್ಟ್ರಿಗೆ ಮತ್ತೊಂದು ಮಾತು: ಸೋರಿಕೆ ನಿಲ್ಲುವವರೆಗೆ ಮನೆಯವರನ್ನು ಆ ಕಾರಿನಲ್ಲಿ ಕೂರಿಸಬೇಡಿ, ಬಸ್ಸಿನಲ್ಲಿ ಕರೆದೊಯ್ಯಿರಿ. ನೀವೂ ಗ್ಯಾರೇಜಿನವರೆಗೆ ಗಾಜು ಇಳಿಸಿಕೊಂಡೇ ಹೋಗಿ. ತಲೆ ಸುತ್ತಿ ಬಿದ್ದರೆ, ಮಾತು ತೊದಲಿದರೆ, ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಾರಿನ ಸಂಗತಿ ಮೊದಲೇ ಹೇಳಿ. ಹಿಮೋಗ್ಲೋಬಿನ್ ಪರೀಕ್ಷೆ ಈ ವಾರವೇ ಆಗಲಿ. ಮುಂದಿನ ಪತ್ರದಲ್ಲಿ ಎರಡೂ ರಿಪೋರ್ಟು ಬರೆಯಿರಿ.